ಪಕ್ಕದ ಕಿಟಕೀಲಿ ಕೇಳಿ

ಮನುಷ್ಯ ಎಂದರೆ ಯಾರು, ಯಂತ್ರ ಎಂದರೆ ಯಾವುದು, ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ತಲೆಗಳು ಇದನ್ನು ಯೋಚಿಸಿ ಯೋಚಿಸಿ ಕೂದಲು ಕಳೆದುಕೊಂಡಿವೆ. ಅಂಥ ಪ್ರಶ್ನೆ ನಮ್ಮ ಬಸ್ ನಿಲ್ದಾಣದಲ್ಲಿ ಒಂದು ಮೇಕೆ, ಒಂದು ಏಣಿ ಮತ್ತು ನಾಲ್ಕು ಮೊಳೆಗಳಿಂದ ಇತ್ಯರ್ಥವಾಯಿತೆಂದರೆ ಮುಂದಿನ ತಲೆಮಾರಿನವರು ನಂಬಲಿಕ್ಕಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವರನ್ನು ಡ್ರೈವರು, ಕಂಡಕ್ಟರು, ಕ್ಯಾಂಟೀನಿನವನು ಎಲ್ಲರೂ ‘ವಿಚಾರಣೆಯವರು’ ಎಂದೇ ಕರೆಯುತ್ತಿದ್ದರು. ಅವರು ಯಾರನ್ನೂ ವಿಚಾರಿಸಿದವರಲ್ಲ. ಅವರ ಕಿಟಕಿಯ ಗಾಜಿಗೆ ಯಾವುದೋ ಕಾಲದಲ್ಲಿ ಇಲಾಖೆಯವರು ಹಸಿರು ಬಣ್ಣ ಬಳಿಸಿದ್ದರು. ಕೆಳಗಡೆ ಅಂಗೈ ಅಗಲದ ಕಿಂಡಿಯೊಂದನ್ನು ಬಿಟ್ಟರೆ ಒಳಗಿನದೇನೂ ಕಾಣದು. ಹೊರಗಿನವರು ಬಗ್ಗಿ ಕಿಂಡಿಯೊಳಗೆ ಪ್ರಶ್ನೆ ಹಾಕುತ್ತಿದ್ದರು, ಒಳಗಿನಿಂದ ಉತ್ತರ ಬರುತ್ತಿತ್ತು. ಉತ್ತರಗಳು ಮೂರೇ. ಬಸ್ ಎಷ್ಟು ಹೊತ್ತಿಗೆ ಎಂದರೆ, “ಬೋರ್ಡ್ ನೋಡಿ.” ಬೋರ್ಡಿನಲ್ಲಿರುವ ಹೊತ್ತಿಗೆ ಬರುತ್ತದೆಯೇ ಎಂದರೆ, “ಬಂದಾಗ ಗೊತ್ತಾಗುತ್ತೆ.” ಇನ್ನೇನು ಕೇಳಿದರೂ, “ಪಕ್ಕದ ಕಿಟಕೀಲಿ ಕೇಳಿ.”

ಪಕ್ಕದ ಕಿಟಕಿ, ಕಳೆದುಹೋದ ವಸ್ತುಗಳ ಕೋಣೆಯದು. ಅಲ್ಲಿದ್ದ ಗುಮಾಸ್ತರು ನಿವೃತ್ತರಾದ ಮೇಲೆ ಅದು ತೆರೆದದ್ದೇ ಇಲ್ಲ. ಜನ ಆ ಮುಚ್ಚಿದ ಕಿಟಕಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. ನಿಂತಿರುವಾಗ ಬಸ್ಸು ಬರುತ್ತಿತ್ತು. ಹತ್ತಿ ಹೋಗುತ್ತಿದ್ದರು. ಹೀಗಾಗಿ ವಿಚಾರಣೆಯವರ ಮೇಲೆ ದೂರು ಬಂದದ್ದಿಲ್ಲ. ದೂರು ಕೊಡುವುದೆಲ್ಲಿ ಎಂದು ಕೇಳಿದವರನ್ನೂ ಅವರು ಪಕ್ಕದ ಕಿಟಕಿಗೇ ಕಳಿಸುತ್ತಿದ್ದರು.

ಮನೆಯಲ್ಲೂ ಅವರು ಮಾತನ್ನು ಪೋಲು ಮಾಡಿದವರಲ್ಲ. “ರೀ, ಸಾರಿಗೆ ಉಪ್ಪು ಸರಿಯಾಗಿದ್ಯಾ?” ಎಂದು ಹೆಂಡತಿ ಕೇಳಿದರೆ, “ತಿಂದಾಗ ಗೊತ್ತಾಗುತ್ತೆ” ಎನ್ನುತ್ತಿದ್ದರು, ತಿನ್ನುತ್ತಲೇ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವರ ಹೆಂಡತಿಯಷ್ಟು ಶ್ರೀಮಂತೆ ನಮ್ಮ ಬಡಾವಣೆಯಲ್ಲಿ ಇನ್ನೊಬ್ಬರಿರಲಿಲ್ಲ.

ಹೀಗಿರುವಾಗ ನಿಲ್ದಾಣದ ಮೇಲಂತಸ್ತಿನ ಖಾಲಿ ಹಾಲ್‌ಗೆ ವಿಡಿಯೋ ಗೇಮ್ ಸಂಶೋಧನೆಯವರು ಬಾಡಿಗೆಗೆ ಬಂದರು. ಅವರ ಮುಖ್ಯಸ್ಥೆ ದಪ್ಪ ಕನ್ನಡಕದ ಒಬ್ಬ ಯುವತಿ. ಆಟದೊಳಗೆ ಒಂದು ಊರು ಕಟ್ಟಿ, ಅದರಲ್ಲಿ ಯಂತ್ರಬುದ್ಧಿಯ ಗೊಂಬೆಗಳನ್ನು ಬಿಟ್ಟು, ಅವು ಮನುಷ್ಯರ ಹಾಗೆ ಬದುಕುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಹೋಲಿಸಿ ನೋಡಲು ಒಂದಿಷ್ಟು ನಿಜವಾದ ಮನುಷ್ಯರು ಬೇಕಿದ್ದರು. ಅವಳು ಕೆಳಗಿಳಿದು ಬಂದು ವಿಚಾರಣೆಯ ಕಿಂಡಿಗೆ ಬಗ್ಗಿ, “ಸಾರ್, ನಮ್ಮ ಸಂಶೋಧನೆಗೆ ಸಾಧಾರಣ ಜನ ಬೇಕು. ಎಲ್ಲಿ ಸಿಗ್ತಾರೆ?” ಎಂದಳು.

“ಪಕ್ಕದ ಕಿಟಕೀಲಿ ಕೇಳಿ.”

ಅವಳು ಅಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು. ಅವಳಿಗೆ ಹತ್ತುವ ಬಸ್ಸಿರಲಿಲ್ಲ, ಅದೇ ತೊಂದರೆಯಾದದ್ದು. “ಸಾರ್, ನೀವೇ ಬನ್ನಿ” ಎಂದಳು.

ಆ ಸಂಜೆ ಮನೆಯಲ್ಲಿ ವಿಚಾರಣೆಯವರು ತಾವಾಗಿಯೇ ಬಾಯಿ ಬಿಟ್ಟರು. “ಸಂಶೋಧನೆಗೆ ನನ್ನ ಬುದ್ಧಿ ಬೇಕಂತೆ.”

ಹೆಂಡತಿ ಒಲೆ ಸಣ್ಣಗೆ ಮಾಡಿ ತಿರುಗಿ ನೋಡಿದರು. “ಎಷ್ಟು ಬೇಕಂತೆ?”

“ಇಡೀ ನಿಲ್ದಾಣದಲ್ಲಿ ನನ್ನೊಬ್ಬನ್ನೇ ಆರಿಸಿದ್ದು.”

ಹೆಂಡತಿಯ ತಮ್ಮ ಕಡಲೆಬೀಜ ತಿನ್ನುತ್ತಾ ಅಲ್ಲೇ ಕೂತಿದ್ದ. ಅವನು ವಿಮೆ ಏಜೆಂಟು. ಅವನ ಬಾಯಿಗೆ ಬಿದ್ದ ಸುದ್ದಿ ಊರಾಚೆ ಹೋಗದೆ ನಿಂತದ್ದಿಲ್ಲ. “ಭಾವ, ಸುಮ್ನೆ ವಿಷಯ ಅಲ್ಲ ಇದು. ನಾನೂ ಬರ್ತೀನಿ. ಫೋಟೋ ತೆಗೀಬೇಕಲ್ಲ,” ಎಂದ.

ಮರುದಿನ ವಿಚಾರಣೆಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಲಂತಸ್ತು ಹತ್ತಿದರು. ಕನ್ನಡಕದ ಯುವತಿ ವಿವರಿಸಿದಳು. ಪರದೆಯ ಮೇಲೊಂದು ಪುಟ್ಟ ಊರು. ಒಂದು ಚೌಕ, ಒಂದು ಸೇತುವೆ, ಕೆಲವು ಅಂಗಡಿ. ಅದರಲ್ಲಿ ಬಣ್ಣ ಬಣ್ಣದ ಟೋಪಿಯ ಗೊಂಬೆಗಳು. ಕೆಲವನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂತ ಮನುಷ್ಯರು ಆಡಿಸುತ್ತಾರೆ, ಉಳಿದವನ್ನು ಯಂತ್ರವೇ ಆಡಿಸುತ್ತದೆ. ಮೈಕಿನಲ್ಲಿ ಹೇಳಿದ ಮಾತು ಗೊಂಬೆಯ ತಲೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಆಟದ ಊರಿನಲ್ಲಿ ಒಬ್ಬ ಅಜ್ಜಿಯ ಮೇಕೆ ಕಳೆದುಹೋಗಿದೆ. ಎಲ್ಲರೂ ಸೇರಿ ಹುಡುಕಬೇಕು. ಕೊನೆಗೆ ಯಾರು ಮನುಷ್ಯರು, ಯಾರು ಯಂತ್ರ ಎಂದು ಪ್ರತಿಯೊಬ್ಬರೂ ಹೇಳಬೇಕು.

“ನಿಮ್ಮ ಮಾತನ್ನ ನಾವು ರೆಕಾರ್ಡ್ ಮಾಡ್ಕೊಂಡು ಯಂತ್ರಕ್ಕೆ ಕಲಿಸಬಹುದಾ ಸಾರ್?” ಎಂದೂ ಕೇಳಿದಳು. ವಿಚಾರಣೆಯವರು ಕೇಳಿಸಿಕೊಳ್ಳದೆಯೇ ತಲೆಯಾಡಿಸಿದರು. ಅದು ಅವರ ವೃತ್ತಿ.

ಅವರಿಗೆ ಸಿಕ್ಕಿದ್ದು ಹಳದಿ ಟೋಪಿ. ಅವರು ಅದನ್ನು ಚೌಕದ ಒಂದು ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಆಮೇಲೆ ಅದು ಕದಲಲಿಲ್ಲ. ಅಜ್ಜಿ ಗೊಂಬೆ ಓಡಿಬಂದು, “ನನ್ನ ಮೇಕೆ ನೋಡಿದ್ರಾ?” ಎಂದಿತು.

ಹಳದಿ ಟೋಪಿ: “ಬಂದಾಗ ಗೊತ್ತಾಗುತ್ತೆ.”

ಇನ್ನೊಂದು ಗೊಂಬೆ ಬಂದು, “ಸೇತುವೆ ಕಡೆ ಹೋಗೋಣ ಬರ್ತೀರಾ? ದಾರಿ ಯಾವುದು?” ಎಂದಿತು.

ಹಳದಿ ಟೋಪಿ: “ಬೋರ್ಡ್ ನೋಡಿ.”

ಕೆಂಪು ಟೋಪಿಯೊಂದು ಬಂದು, “ನಿಮಗೆ ಆ ಅಜ್ಜೀನ ಕಂಡ್ರೆ ಅಯ್ಯೋ ಅನ್ಸಲ್ವಾ?” ಎಂದಿತು. ಹಳದಿ ಟೋಪಿ ಅದನ್ನು ಪಕ್ಕದ ಕಿಟಕಿಗೆ ಕಳಿಸಿತು. ಊರಿನವರೆಲ್ಲ ಸೇತುವೆ, ತೋಟ, ಗಡಿಯಾರದ ಗೋಪುರ ಅಲೆದರು. ಮೇಕೆ ಆಟ ಮುಗಿಯುವವರೆಗೂ ಹಳದಿ ಟೋಪಿಯ ಬೆನ್ನ ಹಿಂದೆಯೇ ನಿಂತು ಎಲೆ ತಿನ್ನುತ್ತಿತ್ತು.

ಫಲಿತಾಂಶ ಪರದೆಯ ಮೇಲೆ ಬಂತು. ಹಳದಿ ಟೋಪಿ ಯಂತ್ರ ಎಂದು ಸರ್ವಾನುಮತದ ತೀರ್ಪು. ಮನುಷ್ಯರು ಹಾಗೆಂದದ್ದು ಹೋಗಲಿ, ಯಂತ್ರಗಳೂ ಹಾಗೇ ಅಂದಿದ್ದವು. ಅದರಲ್ಲೊಂದು ಕಾರಣವನ್ನೂ ಬರೆದಿತ್ತು: “ಹಳದಿ ಟೋಪಿ ನಮ್ಮವರೇ. ಆದರೆ ಹಳೆಯ ಮಾದರಿ ಇರಬೇಕು. ನಾವು ಈಗ ಇಷ್ಟು ಒರಟಾಗಿ ಮಾತಾಡುವುದಿಲ್ಲ.”

ಬಾಮೈದ ಫೋಟೋ ತೆಗೆದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ರೂಟುಗಳ ಬಸ್ಸುಗಳಲ್ಲೂ ಪ್ರಯಾಣ ಮಾಡಿತ್ತು. ಕ್ಯಾಂಟೀನಿನವನು ಲೋಟ ಹಿಡಿದು ನಿಂತು, “ಟೀ ಕೊಡ್ಲಾ, ಇಲ್ಲಾ ಚಾರ್ಜಿಗೆ ಹಾಕ್ಲಾ?” ಎಂದ. ಒಬ್ಬ ಕಂಡಕ್ಟರು ಕಿಂಡಿಯೊಳಗೆ ಕೈ ಹಾಕಿ ಸ್ವಿಚ್ಚು ಹುಡುಕಿದ. ಸಂಜೆ ಹೆಂಡತಿ ಬಾಗಿಲಲ್ಲೇ ಹೇಳಿದರು:

“ಇದನ್ನ ಕಂಡುಹಿಡಿಯೋಕೆ ಅಷ್ಟು ದೊಡ್ಡ ಕಂಪ್ಯೂಟರ್ ಬೇಕಿತ್ತೇನ್ರೀ? ಮದುವೆಯಾದ ವರ್ಷವೇ ನಮ್ಮಮ್ಮಂಗೆ ಹೇಳಿದ್ದೆ.”

“ಅದು ಆಟ ಕಣೇ.”

“ಆಟದಲ್ಲಾದ್ರೂ ಒಂದು ಮಾತಾಡ್ಬಾರ್ದಿತ್ತಾ? ಪಾಪ ಆ ಅಜ್ಜಿ.”

ವಿಷಯ ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಡಿಪೋ ಮ್ಯಾನೇಜರರ ಕಿವಿಗೆ ಬಿತ್ತು. ಮ್ಯಾನೇಜರರು ಹೊಸದನ್ನು ಕಂಡರೆ ತಡೆಯಲಾರದ ಮನುಷ್ಯ. ಹಿಂದೊಮ್ಮೆ ನೊಣ ಹಿಡಿಯುವ ದೀಪ ತರಿಸಿ ತಮ್ಮ ಕೋಣೆಗೇ ನೊಣಗಳನ್ನೆಲ್ಲ ಕರೆಸಿಕೊಂಡಿದ್ದರು. ಅವರು ಕನ್ನಡಕದ ಯುವತಿಯನ್ನೂ ವಿಚಾರಣೆಯವರನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ಇವರು ಯಂತ್ರದ ಹಾಗೇ ಇದಾರೆ ಅಂದ್ರೆ, ಯಂತ್ರಾನೂ ಇವರ ಹಾಗೇ ಇರಬಹುದಲ್ವೇನಮ್ಮಾ?”

“ರೆಕಾರ್ಡಿಂಗ್ ಇದೆ ಸಾರ್. ಇವರ ಮಾತಿನ ಮೇಲೆ ಒಂದು ಗೊಂಬೆ ತಯಾರು ಮಾಡಬಹುದು. ಮಾತು ಕಡಿಮೆ ಇರೋದ್ರಿಂದ ಬೇಗ ಆಗುತ್ತೆ.”

“ಹಾಗಿದ್ರೆ ಅದನ್ನೇ ಕೌಂಟರಲ್ಲಿ ಕೂರಿಸೋಣ. ಇವರು ಪಕ್ಕದ ಕೋಣೆಗೆ ಹೋಗ್ಲಿ.”

ವಿಚಾರಣೆಯವರ ಮುಖದ ಬಣ್ಣ ಇಳಿಯಿತು. ಪಕ್ಕದ ಕೋಣೆ ಯಾವುದೆಂದು ಅವರಿಗೆ ಗೊತ್ತಿತ್ತು. ಒಡೆದ ಕೊಡೆಗಳು, ಒಂಟಿ ಚಪ್ಪಲಿಗಳು, ಹಲ್ಲಿನ ಒಂದು ಸೆಟ್ಟು. ಅಲ್ಲಿ ಫ್ಯಾನಿಲ್ಲ. ಅದಕ್ಕಿಂತ ಹೆಚ್ಚಾಗಿ, ಈಚೆ ಕೌಂಟರಿನ ಕುರ್ಚಿ ಅವರ ಬೆನ್ನಿಗೆ ತಕ್ಕ ಹಾಗೆ ತಗ್ಗಿತ್ತು. ಮನುಷ್ಯನಿಗೆ ಜಗತ್ತಿನಲ್ಲಿ ತನ್ನ ಅಚ್ಚಿಗೆ ತಗ್ಗಿದ ವಸ್ತು ಸಿಗುವುದೇ ಒಂದೋ ಎರಡೋ.

“ಸಾರ್, ನಾನು ಮನುಷ್ಯ ಸಾರ್,” ಎಂದರು. ಮೂರು ಉತ್ತರಗಳನ್ನು ಬಿಟ್ಟು ಅವರು ಕಚೇರಿಯಲ್ಲಿ ಆಡಿದ ಮೊದಲ ವಾಕ್ಯ ಅದು.

ಮ್ಯಾನೇಜರರು ನ್ಯಾಯವಂತರು. “ಇನ್ನೊಂದು ಸಲ ಆಡಿ. ನಾವೆಲ್ಲ ಬರ್ತೀವಿ, ನಿಮ್ಮ ಮನೆಯವರೂ ಬರ್ಲಿ. ನೀವೂ ಇರಿ, ಆ ನಿಮ್ಮ ಗೊಂಬೇನೂ ಇರ್ಲಿ. ನಿಮ್ಮನ್ನ ಮನುಷ್ಯ ಅಂತ ಜನ ಗುರುತಿಸಿದ್ರೆ ಕುರ್ಚಿ ನಿಮ್ದು. ಅದನ್ನ ಗುರುತಿಸಿದ್ರೆ ಅದರದ್ದು.”

ಮನುಷ್ಯನಾಗುವುದು ಹೇಗೆಂದು ಕಲಿಸಲು ಬಾಮೈದ ಮುಂದೆ ಬಂದ. ವಿಮೆ ಮಾರಿ ಮಾರಿ ಅವನಿಗೆ ಮನುಷ್ಯತ್ವದ ಒಳಗುಟ್ಟು ತಿಳಿದಿತ್ತು.

“ಭಾವ, ಮನುಷ್ಯ ಅಂದ್ರೆ ವಿಚಾರಿಸ್ಕೋಬೇಕು. ಕಂಡೋರ್ನೆಲ್ಲ ಮಂಡಿ ನೋವು ಹೇಗಿದೆ ಅಂತ ಕೇಳಿ.”

“ಮಂಡಿ ನೋವಿಲ್ದೇ ಇದ್ರೆ?”

“ಮೂವತ್ತು ದಾಟಿದ ಮೇಲೆ ಎಲ್ಲಾರಿಗೂ ಇರುತ್ತೆ. ಮಧ್ಯೆ ಮಧ್ಯೆ ನಗಬೇಕು. ಯಾರಾದ್ರೂ ಕಷ್ಟ ಹೇಳಿದ್ರೆ ‘ಛೆ ಛೆ ಛೆ’ ಅನ್ನಿ. ಮೂರು ಸಲ. ಎರಡು ಸಲ ಅಂದ್ರೆ ಕಾಟಾಚಾರ ಅನ್ಸುತ್ತೆ.”

ವಿಚಾರಣೆಯವರು ಅಭ್ಯಾಸಕ್ಕೆ ಕೌಂಟರನ್ನೇ ಬಳಸಿಕೊಂಡರು. ಒಬ್ಬ ಹೆಂಗಸು ಬಗ್ಗಿ, ತಂಗಿಯ ಊರಿಗೆ ಹೋಗುವ ಬಸ್ಸು ಯಾವಾಗ ಎಂದಳು.

“ಹೋಗೋದಿರ್ಲಿ. ಮಂಡಿ ನೋವು ಹೇಗಿದೆ?”

ಹಸಿರು ಗಾಜಿನ ಹಿಂದಿನಿಂದ ಬಂದ ಈ ಪ್ರಶ್ನೆಗೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ನಂತರ ಮುಂದೆ ಬಂದಳು. ನಿಜಕ್ಕೂ ನೋವಿತ್ತು. ಮಂಡಿಯಿಂದ ಮಾತು ತಂಗಿಗೆ ಬಂತು. ತಂಗಿಯ ಹತ್ತಿರ ಜಗಳವಾಡುವುದಕ್ಕೆಂದೇ ಹೊರಟಿದ್ದಳು. ವಿಚಾರಣೆಯವರು ಛೆ ಛೆ ಛೆ ಎಂದರು. ಹಿಂದೆ ಸಾಲು ನಿಂತಿದ್ದವರು ಜಗಳದ ಮೂಲ ಕೇಳಿ ತಂತಮ್ಮ ಅಭಿಪ್ರಾಯ ಕೊಟ್ಟರು. ಒಬ್ಬರು ತಂಗಿಯ ಪಕ್ಷ ವಹಿಸಿದರು. ಅಷ್ಟರಲ್ಲಿ ಬಸ್ಸು ಬಂದು, ಖಾಲಿಯಾಗಿ ನಿಂತು, ಖಾಲಿಯಾಗಿ ಹೊರಟಿತು. ಕಂಡಕ್ಟರು ಕೌಂಟರಿನ ಬಾಗಿಲು ಬಡಿದು, “ಯಂತ್ರವಾಗಿದ್ದಾಗಲೇ ಚೆನ್ನಾಗಿದ್ಯಲ್ಲಪ್ಪಾ!” ಎಂದು ಕೂಗಿ ಓಡಿದ.

ಎರಡನೆಯ ಆಟದ ದಿನ ಮೇಲಂತಸ್ತಿನ ಕೋಣೆಗಳಲ್ಲಿ ಮ್ಯಾನೇಜರರು, ಕ್ಯಾಂಟೀನಿನವನು, ಬಾಮೈದ ಮತ್ತು ವಿಚಾರಣೆಯವರ ಹೆಂಡತಿ ಒಬ್ಬೊಬ್ಬರಾಗಿ ಕೂತರು. ಯಾರಿಗೆ ಯಾವ ಟೋಪಿ ಎಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ವಿಚಾರಣೆಯವರಿಗೆ ಸಿಕ್ಕಿದ್ದು ಹಸಿರು ಟೋಪಿ. ಅವರ ಮಾತು ಕಲಿತ ಯಂತ್ರಕ್ಕೆ ನೀಲಿ. ಇದು ಕನ್ನಡಕದ ಯುವತಿಯೊಬ್ಬಳಿಗೇ ತಿಳಿದಿತ್ತು. ಅಜ್ಜಿಯ ಮೇಕೆ ಮತ್ತೆ ಕಳೆದುಹೋಗಿತ್ತು.

ಹಸಿರು ಟೋಪಿ ಊರಿಗೆ ಕಾಲಿಟ್ಟದ್ದೇ ನಗುತ್ತಾ. ಅಜ್ಜಿ ಬಾಯಿ ತೆರೆಯುವ ಮುಂಚೆಯೇ, “ಛೆ ಛೆ ಛೆ, ಮೇಕೆ ಹೋಯ್ತಾ ಅಜ್ಜೀ? ನಿಮ್ಮ ಮಂಡಿ ಹೇಗಿದೆ?” ಎಂದಿತು. ಬೇಕರಿಯವನ ಮಂಡಿ ಕೇಳಿತು. ಸೇತುವೆಯ ಕಾವಲುಗಾರನ ಮಂಡಿ ಕೇಳಿತು. ಚೌಕದಲ್ಲಿದ್ದ ಕಲ್ಲಿನ ವಿಗ್ರಹವೊಂದನ್ನೂ ಬಿಡಲಿಲ್ಲ. ಮೇಕೆಯ ಗುಣಗಳನ್ನು ನೆನೆದು, ಅದನ್ನು ಎಂದೂ ನೋಡಿಲ್ಲದಿದ್ದರೂ, ಗೊಳೋ ಎಂದು ಅತ್ತಿತು. ಅತ್ತ ಮೇಲೆ ಮತ್ತೆ ನಕ್ಕಿತು.

ನೀಲಿ ಟೋಪಿ ಅಂಗಡಿಯೊಂದರ ಮುಂದೆ ನಿಂತಿತ್ತು. ಹಸಿರು ಟೋಪಿ ಅದರ ಹತ್ತಿರ ಹೋಗಿ, “ಮೇಕೆ ಸಿಗುತ್ತೆ ಅಂತೀರಾ?” ಎಂದಿತು.

ನೀಲಿ ಟೋಪಿ: “ಸಿಕ್ಕಾಗ ಗೊತ್ತಾಗುತ್ತೆ.”

ಕೋಣೆಯಲ್ಲಿ ಕೂತ ವಿಚಾರಣೆಯವರಿಗೆ ಸಮಾಧಾನವಾಯಿತು. ಇಷ್ಟು ಮಂದಿಯ ನಡುವೆ ಒಬ್ಬನಾದರೂ ತೂಕದ ಮನುಷ್ಯ ಇದ್ದಾನಲ್ಲ ಎನಿಸಿತು.

ತೀರ್ಪಿನ ಹೊತ್ತಿಗೆ ಎಲ್ಲರನ್ನೂ ಹಾಲ್‌ಗೆ ಕರೆದು ಕೂರಿಸಿದರು. ಮೊದಲು ಕ್ಯಾಂಟೀನಿನವನು ಎದ್ದ. “ನೀಲಿ ಟೋಪಿ ಮನುಷ್ಯ. ಬಿಡಿಸಿ ಹೇಳೋದೇನಿದೆ? ಅಷ್ಟು ಉಡಾಫೆ ಮಿಷನ್ನಿಗೆ ಬರಲ್ಲ. ಅದನ್ನ ಮಾಡಿದವರು ರಿಪೇರಿ ಮಾಡಿಬಿಡ್ತಾರೆ.”

“ಹಸಿರು ಟೋಪಿ?” ಎಂದಳು ಯುವತಿ.

“ಅದು ಪಕ್ಕಾ ಮಿಷನ್ನು. ಕಲ್ಲಿನ ವಿಗ್ರಹಕ್ಕೆ ಮಂಡಿ ನೋವು ಕೇಳ್ತು.”

ಮ್ಯಾನೇಜರರು ಹಾಗೇ ಎಂದರು. ಬಾಮೈದನಿಗೆ ಹಸಿರು ಟೋಪಿ ಯಾರೆಂದು ಮೊದಲ ಮಂಡಿಗೇ ತಿಳಿದಿತ್ತು. ಆದರೆ ಮ್ಯಾನೇಜರರ ವಿಮೆ ಆ ತಿಂಗಳು ನವೀಕರಣಕ್ಕೆ ಬಂದಿತ್ತು. “ಸಾಹೇಬರು ಹೇಳಿದ ಮೇಲೆ ಮುಗೀತು,” ಎಂದು ಕೂತ.

ಉಳಿದದ್ದು ಹೆಂಡತಿ. ವಿಚಾರಣೆಯವರು ಅವರ ಮುಖವನ್ನೇ ನೋಡಿದರು. ಇಷ್ಟು ವರ್ಷದ ಸಂಸಾರ. ಕೈಬಿಡುವವಳಲ್ಲ.

“ನಾನು ಕೆಂಪು ಟೋಪಿ ಆಗಿದ್ದೆ,” ಎಂದರು ಹೆಂಡತಿ. “ನೀಲಿ ಟೋಪೀನ ಕೇಳ್ದೆ, ‘ನನ್ ಜೊತೆ ಹುಡುಕೋಕೆ ಬರ್ತೀರಾ?’ ಅಂತ. ‘ಪಕ್ಕದ ಕಿಟಕೀಲಿ ಕೇಳಿ’ ಅಂತು. ಮಾತಾಡಿದ್ದು ಇವರೇ. ಈ ಮಾತಿನ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದೀನಿ, ನಂಗೆ ಗೊತ್ತಾಗಲ್ವಾ?”

“ಹಸಿರು ಟೋಪಿ ನಿಮ್ಮ ಹತ್ರ ಬಂದಿತ್ತಾ ಅಮ್ಮಾ?” ಎಂದಳು ಯುವತಿ.

“ಬಂತು. ನನ್ನ ಮಂಡಿ ನೋವು ಕೇಳ್ತು.” ಹೆಂಡತಿ ಸೆರಗು ಸರಿ ಮಾಡಿಕೊಂಡರು. “ಎಡಗಡೇದಾ, ಬಲಗಡೇದಾ ಅಂತಾನೂ ಕೇಳ್ತು. ಇಲ್ಲೀವರೆಗೂ ಒಬ್ರೂ ಕೇಳಿರ್ಲಿಲ್ಲ. ಅದು ಮಿಷನ್ನೇ. ಆದ್ರೆ ಒಳ್ಳೇ ಮಿಷನ್ನು ನೋಡಿ.”

ಯುವತಿ ಕನ್ನಡಕ ಒರೆಸಿಕೊಂಡಳು. ಕೊನೆಯದಾಗಿ ನಿಯಮದ ಪ್ರಕಾರ ಹಸಿರು ಟೋಪಿಯವರ ಮತವನ್ನೂ ಓದಬೇಕಿತ್ತು. ಓದಿದಳು. ಅವರೂ ನೀಲಿ ಟೋಪಿಯನ್ನೇ ಮನುಷ್ಯ ಎಂದಿದ್ದರು. ಆಮೇಲೆ ಯಾವ ಟೋಪಿಯೊಳಗೆ ಯಾರಿದ್ದರು ಎಂದು ಹೇಳಿದಳು.

ಹೆಂಡತಿ ಗಂಡನ ಕಡೆ ತಿರುಗಿದರು. “ಎಡಗಡೇದು,” ಎಂದರು ಮೆಲ್ಲಗೆ.

ಕುರ್ಚಿ ಯಂತ್ರಕ್ಕೆ ಹೋಯಿತು. ನಿಜವಾಗಿ ಕುರ್ಚಿ ಅದಕ್ಕೆ ಬೇಕಿರಲಿಲ್ಲ. ಪೆಟ್ಟಿಗೆಯನ್ನು ಅದರ ಮೇಲಿಟ್ಟು ಕಿಂಡಿಗೆ ಸ್ಪೀಕರು ಕಟ್ಟಿದರು. ವಿಚಾರಣೆಯವರು ಪಕ್ಕದ ಕೋಣೆಯ ಬೀಗ ತೆಗೆಸಿ, ಕೊಡೆಗಳನ್ನು ಒಂದು ಮೂಲೆಗೆ ನೂಕಿ, ಗಾಳಿಗಾಗಿ ಕಿಟಕಿಯ ಕಿಂಡಿ ತೆರೆದರು. ಆ ಕಿಟಕಿಗೂ ಅದೇ ಹಸಿರು ಬಣ್ಣ.

ತೆರೆದು ಕೂರುವಷ್ಟರಲ್ಲಿ ಕಿಂಡಿಗೆ ಒಂದು ಮುಖ ಬಗ್ಗಿತು. “ಸ್ವಾಮೀ, ಪಕ್ಕದಲ್ಲಿ ಕೇಳಿ ಅಂದ್ರು.”

ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸಾಲು. ಯಂತ್ರ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿತ್ತು.

ವಿಚಾರಣೆಯವರು ಅಭ್ಯಾಸಬಲದಿಂದ “ಪಕ್ಕದ ಕಿಟಕೀಲಿ ಕೇಳಿ” ಎಂದರು. ಅವರ ಕೋಣೆಗೆ ಈಚೆ ಪಕ್ಕದಲ್ಲಿ ಯಂತ್ರ, ಆಚೆ ಪಕ್ಕದಲ್ಲಿ ಶೌಚಾಲಯ. ಜನ ಆಚೆ ಹೋದರು. ಸ್ವಲ್ಪ ಹೊತ್ತಿಗೆ ಶೌಚಾಲಯದ ಗುತ್ತಿಗೆದಾರ ಪೊರಕೆ ಹಿಡಿದೇ ಬಂದು, “ಬಸ್ ಟೈಮ್ ಕೇಳೋಕೆ ನನ್ ಹತ್ರ ಕಳಿಸ್ತೀಯಾ? ಒಳಗಿರೋರೆಲ್ಲ ಅರ್ಧಕ್ಕೇ ಎದ್ದು ಬರ್ತಿದಾರೆ!” ಎಂದು ಗಲಾಟೆ ಮಾಡಿದ. ಬೋರ್ಡ್ ನೋಡಿ ಎನ್ನೋಣವೆಂದರೆ ಈ ಕಿಟಕಿಯಿಂದ ಬೋರ್ಡು ಕಂಬದ ಮರೆ. ಮೂರರಲ್ಲಿ ಎರಡು ಉತ್ತರ ಹೋದ ಮೇಲೆ ಮನುಷ್ಯ ಎಷ್ಟು ದಿನ ತಡೆದಾನು?

ಅವರು ಎದ್ದು ಹೋಗಿ ಬೋರ್ಡ್ ನೋಡಿಕೊಂಡು ಬಂದು ಹೇಳತೊಡಗಿದರು. ಬೋರ್ಡಿನಲ್ಲಿ ಏನೇನೋ ಇತ್ತು. ಅಷ್ಟು ವರ್ಷ ಜನರನ್ನು ಅಲ್ಲಿಗೆ ಕಳಿಸಿದ್ದ ಅವರು ಅದನ್ನು ಓದಿದ್ದು ಅದೇ ಮೊದಲು. ಅದರಲ್ಲಿದ್ದ ಅರ್ಧ ಬಸ್ಸುಗಳು ನಿಂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಡ್ರೈವರುಗಳನ್ನು ಕೇಳಿಕೊಂಡು ಬರಬೇಕಾಯಿತು. ಓಡಾಟದ ನಡುವೆ ಬಾಮೈದನ ಪಾಠವೂ ಬಾಯಿಗೆ ಬಂದುಬಿಡುತ್ತಿತ್ತು. “ನಿಮ್ಮ ಬಸ್ಸು ಆ ಕೊನೇಲಿ ನಿಲ್ಲುತ್ತೆ. ನಿಧಾನಕ್ಕೆ ಹತ್ತಿ, ಮಂಡಿ ಜೋಪಾನ.”

ಮನೆಯಲ್ಲೂ ಅಷ್ಟೇ. ಉಪ್ಪು ಸರಿಯಾಗಿದೆಯೇ ಎಂದರೆ, “ಚೂರು ಕಮ್ಮಿ, ಆದ್ರೂ ಚೆನ್ನಾಗಿದೆ” ಎಂದುಬಿಟ್ಟರು. ಹೆಂಡತಿ ಸೌಟು ಕೆಳಗಿಟ್ಟು ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಈ ನಡುವೆ ಮೇಲಂತಸ್ತಿನ ಯುವತಿಗೆ ಒಂದು ನಿಯಮ ನೆನಪಾಯಿತು. ಯಂತ್ರದ ಹತ್ತಿರ ಮಾತಾಡುವಾಗ ಅದು ಯಂತ್ರವೆಂದು ಜನರಿಗೆ ತಿಳಿಸಬೇಕು. ‘ಇಲ್ಲಿ ಉತ್ತರಿಸುವುದು ಯಂತ್ರ’ ಎಂದು ದೊಡ್ಡಕ್ಷರದ ಬೋರ್ಡು ಬರೆಯಲು ಪೇಂಟರಿಗೆ ಹೇಳಿ, ಕೆಳಗಿನ ಕಿಟಕಿಗೆ ಹೊಡೆದುಬಿಡಪ್ಪಾ ಎಂದು ತನ್ನ ಕೆಲಸಕ್ಕೆ ಹೋದಳು. ಎರಡು ಕಿಟಕಿಗಳಿರುವುದನ್ನು ಹೇಳಲಿಲ್ಲ.

ಪೇಂಟರು ಏಣಿ ಹೊತ್ತು ಬಂದು ಎರಡನ್ನೂ ನೋಡಿದ. ಎರಡೂ ಹಸಿರು, ಎರಡಕ್ಕೂ ಕಿಂಡಿ. ವಿಚಾರಿಸಿ ಕೆಲಸ ಮಾಡುವ ಮನುಷ್ಯ ಅವನು. ಮೊದಲನೆಯ ಕಿಂಡಿಗೆ ಬಗ್ಗಿ, “ಸಾರ್, ಈ ಬೋರ್ಡು ಎಲ್ಲಿ ಹೊಡೀಲಿ?” ಎಂದ.

“ಬೋರ್ಡ್ ನೋಡಿ.”

“ನೋಡ್ದೆ ಸಾರ್, ನಾನೇ ಬರ್ದಿದ್ದು. ಹೊಡೆಯೋದೆಲ್ಲಿ?”

“ಪಕ್ಕದ ಕಿಟಕೀಲಿ ಕೇಳಿ.”

“ಏನ್ ಜನಾನಪ್ಪಾ!” ಎಂದು ಗೊಣಗಿ ಅವನು ಎರಡನೆಯ ಕಿಂಡಿಗೆ ಬಂದ.

“ಬನ್ನಿ ಬನ್ನಿ,” ಎಂದಿತು ಒಳಗಿನ ದನಿ. “ಛೆ ಛೆ ಛೆ, ಈ ಬಿಸಿಲಲ್ಲಿ ಏಣಿ ಹೊತ್ಕೊಂಡು ಬಂದ್ರಾ? ಅದನ್ನ ಆ ಮೊದಲ್ನೇ ಕಿಟಕಿ ಮೇಲೆ ಹೊಡೀಬೇಕು. ಗೋಡೆ ಹಳೇದು, ಮೊಳೆ ಸ್ವಲ್ಪ ಓರೆಯಾಗಿ ಹೊಡೀರಿ. ನೀರು ಬೇಕಾ? ಏಣಿ ಹತ್ತಿ ಇಳಿದು ನಿಮ್ಮ ಮಂಡಿ ಹೇಗಿದೆ?”

ಪೇಂಟರು ಎರಡೂ ಕಿಟಕಿಗಳನ್ನು ಮತ್ತೊಮ್ಮೆ ನೋಡಿದ. ಸರ್ಕಾರಿ ಕಿಂಡಿಗಳ ಮುಂದೆ ಅರ್ಧ ಆಯಸ್ಸು ಕಳೆದವನು ಅವನು. ಆಮೇಲೆ ಏಣಿಯನ್ನು ಎರಡನೆಯ ಕಿಟಕಿಗೇ ಆನಿಸಿ ಮೊಳೆ ಹೊಡೆಯತೊಡಗಿದ.

“ಅಲ್ಲ ಕಣಪ್ಪಾ, ಇಲ್ಲಲ್ಲ! ನಾನು ಮನುಷ್ಯ!” ಎಂದು ದನಿ ಕೂಗಿತು.

“ಹಾಗೇ ಅನ್ಸುತ್ತೆ ಸಾರ್. ಬಹಳ ಚೆನ್ನಾಗಿ ಮಾಡಿದಾರೆ,” ಎಂದು ಪೇಂಟರು ನಾಲ್ಕನೆಯ ಮೊಳೆಯನ್ನೂ ಹೊಡೆದ. ಹೇಳಿದ ಹಾಗೆ ಓರೆಯಾಗಿಯೇ ಹೊಡೆದ.

ವಿಚಾರಣೆಯವರು ಮ್ಯಾನೇಜರರ ಹತ್ತಿರ ಹೋದರು. ಮ್ಯಾನೇಜರರು ಬಂದು ನೋಡಿ, ಕಿತ್ತರೆ ಗಾರೆ ಬರುತ್ತದೆ ಎಂದರು.

ಬೋರ್ಡು ಈಗಲೂ ಅಲ್ಲೇ ಇದೆ. ಬಸ್ಸಿನ ಸಮಯ ಬೇಕಾದವರು ಅದನ್ನು ನೋಡಿಯೇ ಆ ಕಿಟಕಿಗೆ ಹೋಗುತ್ತಾರೆ.